ಶ್ ಅಂದರೆ ಸಾಕು

ಆ ದಿನದ ಇಡೀ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಅಕ್ಷರ. ಸರಿಯಾಗಿ ಹೇಳಬೇಕೆಂದರೆ ಪೂರ್ತಿ ಅಕ್ಷರವೂ ಅಲ್ಲ, ಅರ್ಧಾಕ್ಷರ. ತುಟಿಯ ಮೇಲೆ ಬೆರಳಿಟ್ಟು ಹೇಳುತ್ತೇವಲ್ಲ, ಆ ‘ಶ್’.

ಪುರಸಭೆಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವರು ಶ್ ಸಾರ್. ಯಾರಾದರೂ ಪುಟ ತಿರುವಿದ ಸದ್ದು ತುಸು ಜೋರಾದರೂ ಸಾಕು, ಕೌಂಟರಿನಿಂದ ‘ಶ್’ ಹೊರಡುತ್ತಿತ್ತು. ಅದಕ್ಕೆ ಹೆದರಿ ಓದುಗರು ಕೆಮ್ಮು ಬಂದರೆ ರಸ್ತೆಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದರು. ಹಾಗೆ ಕೆಮ್ಮಲು ಹೋದವರಲ್ಲಿ ಎಷ್ಟೋ ಜನ ತಿರುಗಿ ಬಂದೇ ಇರಲಿಲ್ಲ. ಗ್ರಂಥಾಲಯ ಖಾಲಿಯಾದದ್ದು ಈ ‘ಶ್’ನಿಂದ ಎಂದು ಜನ ಹೇಳುತ್ತಿದ್ದರು. ಅಲ್ಲ, ಎಲ್ಲ ಆ ಇಂಟರ್ನೆಟ್ಟಿನ ಕಿತಾಪತಿ ಎಂದು ಶ್ ಸಾರ್ ಹೇಳುತ್ತಿದ್ದರು.

ಪಾಪ, ಅವರನ್ನೂ ಬಯ್ಯುವ ಹಾಗಿಲ್ಲ. ಮನೆಯಲ್ಲಿ ಹೆಂಡತಿ ಬೆಳಗಿನಿಂದ ಸಂಜೆವರೆಗೆ ಸಂಗೀತ ಪಾಠ ಹೇಳುತ್ತಿದ್ದಳು. ಅವಳ ಹತ್ತಿರ ಕಲಿಯಲು ಬರುತ್ತಿದ್ದವರಿಗೆ ಉತ್ಸಾಹ ಇತ್ತೇ ಹೊರತು ಶ್ರುತಿ ಇರಲಿಲ್ಲ. ಕಿವಿ ಮಂದವಾದ ಅತ್ತೆ ಟಿವಿಯ ಗಂಟಲು ಹರಿಯುವಷ್ಟು ಸದ್ದು ಏರಿಸಿ ಕೂರುತ್ತಿದ್ದರು. ಇನ್ನು ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಭಾವಮೈದ. ಬೇರೆ ಮನೆ ಸಿಗುವವರೆಗೆ ಇರ್ತೀನಿ ಎಂದು ಬಂದವನು ಮನೆ ಹುಡುಕುವುದನ್ನೇ ಮರೆತು ಮೆಟ್ಟಿಲ ಮೇಲೆ ಕೂತು ಊದುತ್ತಿದ್ದ. ಹೀಗಾಗಿ ಇಡೀ ಭೂಮಿಯ ಮೇಲೆ ಶ್ ಸಾರ್‌ಗೆ ನೆಮ್ಮದಿ ಅನ್ನುವುದು ಇದ್ದದ್ದು ಒಂದೇ ಜಾಗದಲ್ಲಿ, ಗ್ರಂಥಾಲಯದ ಕೌಂಟರಿನ ಹಿಂದಿನ ಬೆತ್ತದ ಕುರ್ಚಿಯಲ್ಲಿ. ಈಗ ಆ ಕುರ್ಚಿಗೇ ಕುತ್ತು ಬಂದಿತ್ತು.

ಹಿಂದಿನ ದಿನ ಪುರಸಭೆಯ ಸಾಹೇಬರು ಫೋನು ಮಾಡಿದ್ದರು. “ಕಾಲ ಎಲ್ಲಿಂದ ಎಲ್ಲಿಗೋ ಹೋಯ್ತು ಕಣ್ರೀ! ಜನ ಫೋನಿಗೆ ಬಾಯಲ್ಲಿ ಹೇಳಿ ಬೇಕಾದ್ದು ತರಿಸ್ಕೊಳ್ತಾರೆ. ನೀವಿನ್ನೂ ಬಾಯಿ ಮೇಲೆ ಬೆರಳಿಟ್ಕೊಂಡು ಕೂತಿದೀರಿ. ನಾಳೆ ಇಂಟರ್ನೆಟ್ಟಿನ ಮಾತಾಡೋ ಯಂತ್ರ ಕಳಿಸ್ತೀನಿ. ಸಂಜೆ ನಾನೇ ಬರ್ತೀನಿ. ಯಂತ್ರ ನಡೀತಿರಬೇಕು, ಜನ ತುಂಬಿರಬೇಕು. ಇಲ್ಲಾಂದ್ರೆ ಲೈಬ್ರರಿಗೆ ಬೀಗ, ನಿಮ್ಮನ್ನ ಬಸ್ ಸ್ಟ್ಯಾಂಡಿಗೆ ಹಾಕ್ತೀನಿ. ಮೈಕಲ್ಲಿ ಬಸ್ಸು ಕೂಗೋ ಕೆಲಸ ಖಾಲಿ ಇದೆ.”

“ಬಸ್ಸು ಕೂಗೋದಾ ಸಾರ್?” ಎಂದು ಕೇಳಿದಾಗ ಶ್ ಸಾರ್ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಅತ್ತ ಕಡೆ ಅದು ಕೇಳಿಸಲೇ ಇಲ್ಲ.

ಬೆಳಗ್ಗೆ ಅವರು ಬಾಗಿಲು ತೆರೆಯಲು ಬರುವಷ್ಟರಲ್ಲಿ ಯಂತ್ರದ ಮೆಕ್ಯಾನಿಕ್ ಅಕ್ಕ ಮೆಟ್ಟಿಲ ಮೇಲೆ ಹಾಜರಿದ್ದಳು. ಎರಡು ಕಂಕುಳಲ್ಲಿ ಎರಡು ಪೆಟ್ಟಿಗೆ. ಆಕೆ ಜೀವಮಾನವೆಲ್ಲ ಕಾರ್ಖಾನೆಯ ಗದ್ದಲದಲ್ಲಿ ಕೆಲಸ ಮಾಡಿದವಳು. ಗುಟ್ಟು ಹೇಳಿದರೂ ಎದುರು ರಸ್ತೆಗೆ ಕೇಳಿಸುವಂಥ ಕಂಠ.

“ಎರಡು ಯಾಕಮ್ಮ? ಒಂದೇ ಅಂದಿದ್ರಲ್ಲ ಸಾಹೇಬ್ರು?”

“ಒಂದು ಇಲ್ಲಿಗೆ ಸಾರ್. ಇನ್ನೊಂದು ಪಾಸಾದೋರಿಗೆ ಬಹುಮಾನ. ಅದು ಸಂಜೆ ಮಾತು, ಬಿಡಿ!”

ಪೆಟ್ಟಿಗೆಯಿಂದ ಹೊರಬಂದದ್ದು ಸಕ್ಕರೆ ಡಬ್ಬದಷ್ಟು ಎತ್ತರದ ಒಂದು ದುಂಡನೆಯ ಯಂತ್ರ. ಅದರ ನೆತ್ತಿಯ ಮೇಲೆ ಒಂದು ನೀಲಿ ದೀಪ. ಅಕ್ಕ ಅದನ್ನು ಕೌಂಟರಿನ ಮೇಲೆ ಕೂರಿಸಿ, ವೈರು ಸಿಕ್ಕಿಸಿ, ಅದರ ಗುಣಗಾನ ಶುರು ಮಾಡಿದಳು. ಬೇಕಾದ ಪುಸ್ತಕದ ಹೆಸರು ಹೇಳಿದರೆ ಯಾವ ಬೀರುವಿನಲ್ಲಿದೆ ಎಂದು ಹೇಳುತ್ತದೆ. ಇಲ್ಲಿಲ್ಲದಿದ್ದರೆ ಇಂಟರ್ನೆಟ್ಟಿನಿಂದ ತಂದು ಓದಿ ಹೇಳುತ್ತದೆ. ಸದಸ್ಯರ ಫೋನುಗಳಿಗೆ ತಾನೇ ಸುದ್ದಿ ಮುಟ್ಟಿಸುತ್ತದೆ.

“ಇದರ ಸದ್ದು ಕಡಿಮೆ ಮಾಡೋ ಗುಂಡಿ ಯಾವುದು?” ಎಂದು ಶ್ ಸಾರ್ ಪಿಸುಗುಟ್ಟಿದರು.

“ಅದು ಹಳೇದರಲ್ಲಿತ್ತು ಸಾರ್. ಜನ ಬರೀ ಅದನ್ನೇ ಒತ್ತುತಾ ಇದ್ರು. ಹೊಸದರಲ್ಲಿ ತೆಗೆದುಬಿಟ್ಟಿದ್ದಾರೆ.” ಆಕೆ ಯಂತ್ರದ ಬೆನ್ನಲ್ಲಿ ಏನನ್ನೋ ಒತ್ತಿ ಹಿಡಿದಳು. “ಈಗ ಇದಕ್ಕೊಂದು ಕರೆಯೋ ಹೆಸರು ಬೇಕು. ಆ ಹೆಸರು ಕಿವಿಗೆ ಬಿದ್ರೆ ಸಾಕು, ಎದ್ದು ಕೂರುತ್ತೆ. ಹ್ಞಾಂ, ಗುಂಡಿ ಒತ್ತಿದೀನಿ! ಬೇಗ ಬೇಗ! ಏನಂತ ಕರೀತೀರಾ ಸಾರ್? ಬಾಯಿಬಿಟ್ಟು ಹೇಳೀ!”

ಆ ಕೂಗಿಗೆ ಕಿಟಕಿಯ ಗಾಜು ನಡುಗಿತು. ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದ ನಿವೃತ್ತ ಹೆಡ್‌ಮೇಷ್ಟ್ರು ಬೆಚ್ಚಿಬಿದ್ದರು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಶ್ ಸಾರ್ ಬೆರಳು ತಾನೇ ತಾನಾಗಿ ತುಟಿಗೇರಿತು.

“ಶ್!”

ಟಿಂಗ್ ಎಂದು ನೀಲಿ ದೀಪ ಹತ್ತಿಕೊಂಡಿತು. “ನನ್ನ ಹೆಸರು ಶ್! ಹೇಳಿ ಹೇಳಿ, ಕೇಳ್ತಾ ಇದ್ದೀನಿ!” ಎಂದಿತು ಯಂತ್ರ, ಗ್ರಂಥಾಲಯದ ನಾಲ್ಕೂ ಗೋಡೆ ಮೊಳಗುವ ಹಾಗೆ.

“ಅಯ್ಯಯ್ಯೋ! ಅದು ಹೆಸರಲ್ಲಮ್ಮ! ಅಳಿಸಿಬಿಡಿ, ಅಳಿಸಿಬಿಡಿ!”

“ಒಂದ್ಸಲ ಕೂತ್ರೆ ಕೂತ ಹಾಗೇ ಸಾರ್, ಎರಡು ಪೆಟ್ಟಿಗೆಗೂ ಒಂದೇ ಹೆಸರು. ಬದಲಾಯಿಸ್ಬೇಕು ಅಂದ್ರೆ ಕಂಪನಿಗೆ ವಾಪಸ್ ಕಳಿಸ್ಬೇಕು.”

“ವಾಪಸ್ ಯಾವಾಗ ಬರುತ್ತೆ?”

“ಹೋಗಿದ್ದು ನೋಡಿದೀನಿ. ಬಂದಿದ್ದು ನೋಡಿಲ್ಲ,” ಎಂದು ಮೆಕ್ಯಾನಿಕ್ ಅಕ್ಕ ಸಲಕರಣೆಯ ಚೀಲ ಹೆಗಲಿಗೇರಿಸಿದಳು. “ಸಂಜೆ ಸಾಹೇಬ್ರ ಜೊತೆ ಬರ್ತೀನಿ.”

ಆಕೆ ಹೊರಗೆ ಹೋಗುವುದಕ್ಕೂ ಪಕ್ಕದಂಗಡಿಯ ಟೈಲರಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು. ಕುತ್ತಿಗೆಯಲ್ಲಿ ಅಳತೆಯ ಟೇಪು, ಸೆರಗಿನಲ್ಲಿ ಸಾಲಾಗಿ ಗುಂಡುಸೂಜಿ. ಬೀದಿಯ ಸುದ್ದಿಯೆಲ್ಲ ಅವಳ ಹೊಲಿಗೆ ಯಂತ್ರದ ಕೆಳಗೆ ಹಾದೇ ಮುಂದೆ ಹೋಗಬೇಕು.

“ಶ್ ಸಾರ್, ಹೊಸ ಡಿಸೈನಿನ ಪುಸ್ತಕ ಏನಾದ್ರೂ...”

ಟಿಂಗ್! “ಹೇಳಿ ಹೇಳಿ, ಕೇಳ್ತಾ ಇದ್ದೀನಿ!”

ಟೈಲರಮ್ಮ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. “ಯಾರ್ರೀ ಅವಳು? ಕೌಂಟರಿನ ಕೆಳಗೆ ಯಾರನ್ನ ಕೂರಿಸಿದೀರಾ?”

“ಶ್! ಮೆತ್ತಗೆ, ಮೆತ್ತಗೆ!” ಎಂದರು ಶ್ ಸಾರ್.

“ಮೆತ್ತಗೆ,” ಎಂದು ಯಂತ್ರ ಖುಷಿಯಿಂದ ಹೇಳಿತು. “ಹಾಸಿಗೆ ಮತ್ತು ದಿಂಬು ತಯಾರಿಕೆ. ಕಿಟಕಿ ಪಕ್ಕದ ಬೀರು, ಕೆಳಗಿನ ಸಾಲು!”

“ಶ್! ಬಾಯಿ ಮುಚ್ಚು!”

“ಬಾಯಿ. ಹಲ್ಲು ಮತ್ತು ಒಸಡಿನ ಆರೋಗ್ಯ. ಬಾಗಿಲ ಪಕ್ಕದ ಬೀರು!”

“ಶ್! ಕಿವಿಗೆ ಹತ್ತಿ ಇಟ್ಕೊಂಡಿದೀಯಾ?”

“ಹತ್ತಿ ಬೆಳೆಯುವ ವಿಧಾನ. ಈ ಪುಸ್ತಕವನ್ನು ಗೆದ್ದಲು ತಿಂದಿದೆ. ಇಂಟರ್ನೆಟ್ಟಿನಿಂದ ಓದಿ ಹೇಳಲೇ?”

“ಶ್! ನನ್ನ ತಲೆ ತಿನ್ಬೇಡ!”

“ತಲೆ ತಿನ್ನುವ ಪ್ರಾಣಿಗಳ ಬಗ್ಗೆ ನಮ್ಮಲ್ಲಿ ಪುಸ್ತಕ ಇಲ್ಲ. ಕ್ಷಮಿಸಿ!”

ಟೈಲರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ ಅವಳೇ ಮುಂದೆ ಬಂದು, “ಶ್, ತಾಯಿ, ಹೊಸ ನಮೂನೆ ತೋಳು ಹೊಲಿಯೋದು ಹೇಳಮ್ಮ,” ಎಂದಳು. ಯಂತ್ರ ಬಟ್ಟೆ ಕತ್ತರಿಸುವುದರಿಂದ ಹಿಡಿದು ನೆರಿಗೆ ಕೂರಿಸುವವರೆಗೆ ಬಿಡಿಬಿಡಿಸಿ ಹೇಳಿತು. ಟೈಲರಮ್ಮನ ಕಣ್ಣರಳಿದವು. “ಇಷ್ಟು ದಿನ ಇಲ್ಲಿ ಬಾಯಿ ಬಿಟ್ರೆ ಕೊಲ್ಲೋರು. ಈಗ ಬಾಯಿ ಬಿಟ್ರೆ ಕೆಲಸ ಆಗುತ್ತಲ್ಲ!” ಎನ್ನುತ್ತಾ ಬೀದಿಗೆ ಸುದ್ದಿ ಹಂಚಲು ಓಡಿದಳು.

ಶ್ ಸಾರ್ ಒಂದು ನಿರ್ಧಾರಕ್ಕೆ ಬಂದರು. ಸಾಹೇಬರು ಬರುವುದು ಸಂಜೆ ತಾನೇ? ಅಲ್ಲಿಯವರೆಗೆ ವೈರು ಕಿತ್ತಿಟ್ಟರೆ ಕೇಳುವವರಾರು? ಅವರು ಕೌಂಟರಿನ ಕೆಳಗೆ ಮಂಡಿಯೂರಿ ಕೂತು ಪ್ಲಗ್ಗಿಗೆ ಕೈ ಹಾಕಿದರು.

“ಶ್ ಸಾರ್,” ಮೂಲೆಯಿಂದ ಹೆಡ್‌ಮೇಷ್ಟ್ರ ದನಿ ಬಂತು. “ಅದು ಇವತ್ತಿನ ಪೇಪರೂ ಓದುತ್ತಾ?”

ಟಿಂಗ್! ಯಂತ್ರ ಓದತೊಡಗಿತು. ಮುಖಪುಟದ ಸುದ್ದಿ, ಆಟೋಟ, ಕಳೆದುಹೋದ ನಾಯಿಯ ಜಾಹೀರಾತು, ಯಾವುದನ್ನೂ ಬಿಡಲಿಲ್ಲ. ಹೆಡ್‌ಮೇಷ್ಟ್ರು ಕೈಯಲ್ಲಿದ್ದ ಪೇಪರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅದು ತಲೆಕೆಳಗಾಗಿತ್ತು.

“ಮೇಷ್ಟ್ರೇ, ಪೇಪರ್ ಉಲ್ಟಾ...”

“ನನಗೆ ಎಲ್ಲಾ ಒಂದೇನಪ್ಪ,” ಎಂದರು ಮೇಷ್ಟ್ರು ನಾಚಿಕೊಂಡು. “ಕಣ್ಣಿಗೆ ಅಕ್ಷರ ಕಾಣದೆ ಎಷ್ಟೋ ಕಾಲ ಆಯ್ತು. ಮನೇಲಿ ಗೊತ್ತಾದ್ರೆ ಹೊರಗೆ ಬಿಡಲ್ಲ ಅಂತ ದಿನಾ ಬಂದು ಹಿಡ್ಕೊಂಡು ಕೂತಿರ್ತೀನಿ. ಓದಿ ಹೇಳಿ ಅಂತ ಯಾರನ್ನಾದ್ರೂ ಕೇಳೋಣ ಅಂದ್ರೆ, ಇಲ್ಲಿ ಮಾತಾಡೋ ಹಾಗಿಲ್ವಲ್ಲ.”

ಶ್ ಸಾರ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ದಿನ ಅವರು ಬಂದವರಿಗೆಲ್ಲ ಈ ಮೇಷ್ಟ್ರನ್ನೇ ತೋರಿಸಿ, ‘ನೋಡಿ, ಓದುಗ ಅಂದ್ರೆ ಹೀಗಿರಬೇಕು, ಹಾಳೆ ತಿರುಗಿಸೋ ಸದ್ದೂ ಇಲ್ಲ’ ಎಂದು ಹೊಗಳುತ್ತಿದ್ದರು. ಅವರು ಪ್ಲಗ್ಗಿನಿಂದ ಕೈ ತೆಗೆದರು. ಆದರೆ ಅದೇ ಹೊತ್ತಿಗೆ ಯಂತ್ರ ಅಡ್ಡದಾರಿ ಹಿಡಿದು ಗುಜರಿ ದರದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿತ್ತು. ಹೆಡ್‌ಮೇಷ್ಟ್ರು ಅದನ್ನೂ ಬಾಯಿ ಚಪ್ಪರಿಸಿಕೊಂಡು ಕೇಳುತ್ತಿದ್ದರು. ಶ್ ಸಾರ್ ಬೆತ್ತದ ಕುರ್ಚಿಗೆ ಕುಸಿದು ಹಣೆ ಚಚ್ಚಿಕೊಂಡರು.

“ಶ್ ಅನ್ನೋ ಹಾಗಿಲ್ಲ, ಅನ್ನದೆ ಇರೋ ಹಾಗಿಲ್ಲ! ಎಲ್ಲರೂ ಬಂದು ನೋಡ್ರಪ್ಪಾ ನನ್ನ ಗತಿ!”

ಟಿಂಗ್! “ನನ್ನ ಗತಿ. ಎಲ್ಲರೂ ಬಂದು ನೋಡಿ. ಸದಸ್ಯರೆಲ್ಲರ ಫೋನಿಗೂ ಆಹ್ವಾನ ಹೋಗಿದೆ. ಧನ್ಯವಾದ!”

ಮೊದಲು ಬಂದವನು ಎದುರು ಸಾಲಿನ ಕ್ಷೌರಿಕ, ಕೈಯಲ್ಲಿ ಕತ್ತರಿ ಹಿಡಿದೇ ಬಂದಿದ್ದ. ಅವನ ಹಿಂದೆಯೇ, ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ.

“ಶ್ ಸಾರ್, ಎಲ್ಲಿ ನನ್ನ ಗತಿ?”

“ನಿಮ್ಮ ಗತಿ ನನಗೇನ್ರೀ ಗೊತ್ತು?”

“ನಮ್ಮ ಗತಿ ಅಲ್ಲ ಸಾರ್. ನನ್ನ ಗತಿ!”

“ಅದೇ ಹೇಳ್ತಿರೋದು! ನಿಮ್ಮ ಗತಿ ಕಟ್ಕೊಂಡು ನಾನೇನ್ ಮಾಡ್ಲಿ?”

“ಅಯ್ಯೋ, ನಾಟಕದ ಹೆಸರು ಸಾರ್, ‘ನನ್ನ ಗತಿ’! ನೀವೇ ಪಾರ್ಟು ಮಾಡ್ತೀರಂತೆ! ಬೀದಿಯೆಲ್ಲ ಅದೇ ಮಾತು!” ಎಂದ ಗಿರಾಕಿ ನೊರೆ ಹಾರಿಸುತ್ತಾ. ಬೀದಿಗೆ ಈ ಸುದ್ದಿ ಹೊಲಿದುಕೊಟ್ಟವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಸಂಜೆಯವರೆಗೂ ಜನ ಬಂದೇ ಬಂದರು. ಕೆಮ್ಮಲು ಹೊರಗೆ ಹೋಗಿ ಮರಳದಿದ್ದವರೆಲ್ಲ ಅವತ್ತು ಒಟ್ಟಿಗೆ ಮರಳಿದರು. ಒಬ್ಬೊಬ್ಬರೂ ‘ಶ್ ಸಾರ್, ಶ್ ಸಾರ್’ ಎನ್ನುವುದು, ಯಂತ್ರ ಟಿಂಗ್ ಟಿಂಗ್ ಎನ್ನುವುದು. ಒಬ್ಬನಿಗೆ ಸೋರುವ ನಲ್ಲಿ ಕಟ್ಟುವ ಉಪಾಯ, ಇನ್ನೊಬ್ಬಳಿಗೆ ಕೂದಲುದುರುವುದಕ್ಕೆ ಮದ್ದು, ಮತ್ತೊಬ್ಬನಿಗೆ ಹೆಂಡತಿಯ ಕೋಪ ಇಳಿಸುವ ಮಾರ್ಗ. ಈ ಕೊನೆಯದನ್ನು ಅವನು ಪಿಸುದನಿಯಲ್ಲಿ ಕೇಳಿದ್ದ. ಯಂತ್ರ ಅವನ ಪ್ರಶ್ನೆಯನ್ನೂ ಸೇರಿಸಿಯೇ ಗಟ್ಟಿಯಾಗಿ ಹೇಳಿತು. ಅವನ ಹೆಂಡತಿ ಪಕ್ಕದಲ್ಲೇ ಇದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಗೋಳೋ ಎಂಬ ಸದ್ದು. ಶ್ ಸಾರ್ ಅತ್ತೆ! ಹಿಂದೆ ಹೆಂಡತಿ, ಅವಳ ಹಿಂದೆ ಅವಳ ಶಿಷ್ಯವೃಂದ, ಎಲ್ಲರಿಗಿಂತ ಹಿಂದೆ ಟ್ರಂಪೆಟ್ ಸಮೇತ ಭಾವಮೈದ.

“ಅಳಿಯಂದ್ರೇ! ಬದುಕಿದೀರಾ!” ಎಂದು ಅತ್ತೆ ಅವರ ಕೆನ್ನೆ ಮುಟ್ಟಿ ನೋಡಿದರು.

“ಯಾಕತ್ತೆ? ಏನಾಯ್ತು?”

“ಫೋನಿಗೆ ‘ಗತಿ’ ಅಂತ ಬಂದಿದೆ ಅಂತ ಇವಳು ಓದಿದ್ಲು. ನನಗೆ ‘ಸದ್ಗತಿ’ ಅಂತ ಕೇಳಿಸ್ತು!”

“ನಾಟಕದಲ್ಲಿ ಪಾರ್ಟು ಮಾಡೋರು ನನಗೊಂದು ಮಾತು ಹೇಳ್ಬಾರ್ದಾ?” ಎಂದು ಹೆಂಡತಿ ಮುನಿಸಿಕೊಂಡಳು. “ಹಾಡೋಕೆ ಮನೇಲೇ ಇಷ್ಟು ಜನ ಇದೀವಲ್ಲ!”

“ಭಾವ, ಎಲ್ಲಿ ಊದ್ಲಿ? ಶುರುವಿಗಾ, ಕೊನೇಗಾ?” ಎಂದ ಭಾವಮೈದ. ಉತ್ತರಕ್ಕೆ ಕಾಯದೆ ಎರಡಕ್ಕೂ ಸೇರಿಸಿ ಊದಿಬಿಟ್ಟ.

ಶ್ ಸಾರ್ ಸುತ್ತ ನೋಡಿದರು. ಯಾವ ಮನೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಿದ್ದರೋ ಆ ಮನೆ ಇಲ್ಲಿಗೇ ಬಂದಿತ್ತು. ಒಳಗೆ ಏನೋ ಒಂದು ಪಟ್ಟನೆ ಹರಿಯಿತು. ಇಷ್ಟು ಕಾಲದ ಸೇವೆಯಲ್ಲಿ ಗ್ರಂಥಾಲಯದೊಳಗೆ ಒಮ್ಮೆಯೂ ದನಿ ಎತ್ತದ ಮನುಷ್ಯ ಬೆತ್ತದ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚಿದರು.

“ಸಾಕು ನಿಲ್ಸಿ! ಏನ್ರೀ ನಿಮಗೆಲ್ಲ ಬಂದಿರೋದು? ನಾನೇನು ಕೇಳಿದ್ದೆ? ಬಂಗಾರ ಕೇಳಿದ್ನಾ, ಬಂಗಲೆ ಕೇಳಿದ್ನಾ? ಸದ್ದಿಲ್ಲದ ಒಂದು ಮೂಲೆ ಕೇಳಿದ್ದೆ! ಮನೆಗೆ ಹೋದ್ರೆ ಟ್ರಂಪೆಟ್ಟು, ಇಲ್ಲಿಗೆ ಬಂದ್ರೆ ಈ ಡಬ್ಬ! ಬಾಯಿ ಮುಚ್ಚು ಅಂದ್ರೆ ನನಗೇ ಹಲ್ಲುಜ್ಜೋದು ಹೇಳಿಕೊಡುತ್ತೆ! ನನಗೂ ಎರಡು ಕಿವಿ ಇವೆ ಕಣ್ರಯ್ಯಾ, ಅವಕ್ಕೂ ಜೀವ ಇದೆ!”

ಜನ ಬಿದ್ದು ಬಿದ್ದು ನಕ್ಕರು. ಶಿಳ್ಳೆ ಹೊಡೆದರು. “ಏನ್ ಪಾರ್ಟು ಮಾಡ್ತಾರ್ರೀ! ಥೇಟ್ ನಿಜ ಅನ್ಸುತ್ತೆ!” ಎಂದ ಕ್ಷೌರಿಕ. ಹೆಡ್‌ಮೇಷ್ಟ್ರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಸಿಟ್ಟು ತಡೆಯಲಾರದೆ ಶ್ ಸಾರ್ ಕಾಲು ಅಪ್ಪಳಿಸಿದ್ದೇ ತಡ, ಬೆತ್ತ ಹರಿದು ಎರಡೂ ಕಾಲು ಮಂಡಿಯವರೆಗೆ ಕುರ್ಚಿಯೊಳಗೆ ಇಳಿದವು. ಚಪ್ಪಾಳೆಯ ಸದ್ದು ಇಮ್ಮಡಿಯಾಯಿತು. ಅಷ್ಟು ಹೊತ್ತಿಗೆ ಸರಿಯಾಗಿ, ಮೆಕ್ಯಾನಿಕ್ ಅಕ್ಕನನ್ನು ಹಿಂದಿಟ್ಟುಕೊಂಡು ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಬಸ್ ಸ್ಟ್ಯಾಂಡು ಗ್ಯಾರಂಟಿ ಎಂದುಕೊಂಡರು ಶ್ ಸಾರ್. ಕುರ್ಚಿಯನ್ನು ಸೊಂಟಕ್ಕೆ ಎತ್ತಿ ಹಿಡಿದುಕೊಂಡೇ ಕೈಮುಗಿಯಲು ಹೋದರು.

“ಭಲೇ!” ಎಂದರು ಸಾಹೇಬರು. “ಎಷ್ಟು ಜನ! ಏನು ಲವಲವಿಕೆ! ಇಂಟರ್ನೆಟ್ ಯಂತ್ರ ಬಂದ ದಿನವೇ ಅದಕ್ಕೆ ನಾಟಕ ಜೋಡಿಸಿದ್ರಲ್ಲ, ಇದು ಕಣ್ರೀ ಕಾಲಕ್ಕೆ ತಕ್ಕ ಲೈಬ್ರರಿ ಅಂದ್ರೆ! ಪಾಸ್! ಪಾಸೋ ಪಾಸ್!”

“ಹಾಗಾದ್ರೆ ನನ್ನನ್ನ ಬಸ್ ಸ್ಟ್ಯಾಂಡಿಗೆ...”

“ನಿಮ್ಮಂಥ ಮಾತುಗಾರನ್ನ ಬಸ್ ಸ್ಟ್ಯಾಂಡಿಗೆ ಹಾಕ್ತೀನಾ? ದಿನಾ ಸಂಜೆ ‘ನನ್ನ ಗತಿ’ ಇಲ್ಲೇ ನಡೀಬೇಕು. ಬಸ್ ಸ್ಟ್ಯಾಂಡಿನ ಮೈಕನ್ನೇ ಇಲ್ಲಿಗೆ ಕಳಿಸಿಕೊಡ್ತೀನಿ. ಹಾಡೋಕೆ ಮನೆಯವರಿದಾರೆ, ಊದೋಕೆ ಭಾವಮೈದ ಇದಾನೆ. ಇನ್ನೇನು ಬೇಕು?”

ಮೆಕ್ಯಾನಿಕ್ ಅಕ್ಕ ಶ್ ಸಾರ್ ಹೆಂಡತಿಯನ್ನು ಪಕ್ಕಕ್ಕೆ ಕರೆದು ಏನೋ ವಿಚಾರಿಸಿಕೊಂಡು, ಇನ್ನೊಂದು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಕ್ಷೌರಿಕ ಕುರ್ಚಿಯ ಬೆತ್ತವನ್ನು ಕತ್ತರಿಸಿ ಶ್ ಸಾರ್ ಕಾಲು ಬಿಡಿಸಿದ. ನೆಮ್ಮದಿಯ ಆ ಕುರ್ಚಿ ಬರೀ ಚೌಕಟ್ಟಾಗಿ ಮೂಲೆ ಸೇರಿತು. ಅದನ್ನು ನೋಡುತ್ತಾ ಅವರಿಗೆ ಅಳು ಬಂತು. ಅಷ್ಟರಲ್ಲೇ ತಲೆಯೊಳಗೆ ಒಂದು ದೀಪ ಹತ್ತಿತು.

ಹೆಂಡತಿ ಇಲ್ಲಿ. ಅತ್ತೆ ಇಲ್ಲಿ. ಟ್ರಂಪೆಟ್ಟೂ ಇಲ್ಲಿ. ಹಾಗಾದರೆ ಮನೆಯಲ್ಲಿ ಯಾರಿದ್ದಾರೆ?

ಯಾರೂ ಇಲ್ಲ!

ಹೆಂಡತಿ ಶಿಷ್ಯರನ್ನು ಸಾಲಾಗಿ ನಿಲ್ಲಿಸಿಕೊಂಡು ಸಾಹೇಬರಿಗೆ ಹಾಡು ಕೇಳಿಸುವುದರಲ್ಲಿ ಮುಳುಗಿದ್ದಳು. ಅತ್ತೆ ಯಂತ್ರದ ಮುಂದೆ ಕಿವಿಯಿಟ್ಟು ಕೂತು, “ಇದೊಂದೇ ನೋಡು ನನಗೆ ಸರಿಯಾಗಿ ಕೇಳಿಸೋದು!” ಎಂದು ಹಿಗ್ಗುತ್ತಿದ್ದರು. ಶ್ ಸಾರ್ ಹಿಂಬಾಗಿಲಿನಿಂದ ನುಸುಳಿ ಹೊರಬಿದ್ದರು. ಕುಂಟುತ್ತಲೇ ಓಡಿದರು. ಎಷ್ಟೋ ಕಾಲದ ಮೇಲೆ ಮನೆಗೆ ಹೋಗಬೇಕೆಂದು ಆಸೆಪಟ್ಟು ಹೋಗುತ್ತಿದ್ದರು.

ಬೀಗದ ಕೈ ಎಂದಿನಂತೆ ಕಿಟಕಿಯ ಸಂದಿಯಲ್ಲಿತ್ತು. ಬಾಗಿಲು ತೆರೆದು ಒಳಗೆ ಬಂದರು. ಟಿವಿ ಆರಿತ್ತು. ಮೆಟ್ಟಿಲು ಖಾಲಿ. ಹಾಲಿನಲ್ಲಿ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ತಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆ ಎಂದು ಅವರಿಗೆ ಗೊತ್ತಾದದ್ದೇ ಅವತ್ತು. ಆ ನಿಶ್ಶಬ್ದವನ್ನು ಕಂಡು ಅವರ ಕಣ್ಣಲ್ಲಿ ನೀರಾಡಿತು. ಬಸ್ ಸ್ಟ್ಯಾಂಡು ತಪ್ಪಿತು. ಗ್ರಂಥಾಲಯ ಹೋದರೆ ಹೋಗಲಿ, ಇನ್ನು ದಿನಾ ಸಂಜೆ ತನ್ನ ಪಾರ್ಟು ಮುಗಿಸಿ ಓಡಿಬಂದರೆ, ಅವರೆಲ್ಲ ಹಾಡಿ ಊದಿ ಬರುವವರೆಗಾದರೂ ಈ ಮನೆ ತನ್ನದು. ದೀಪ ಕೂಡ ಹಾಕದೆ ಸೋಫಾದ ಮೇಲೆ ಒರಗಿ, ನೋಯುತ್ತಿದ್ದ ಕಾಲು ನೀಡಿ, ಕಣ್ಣು ಮುಚ್ಚಿದರು. ಇಡೀ ದಿನದ ದಣಿವೆಲ್ಲ ಎದೆಯಾಳದಿಂದ ಒಂದೇ ಉಸಿರಾಗಿ ಹೊರಬಂತು.

“ಉಶ್ಶಪ್ಪಾ!”

ಟಿವಿಯ ಪಕ್ಕ, ಆಗಷ್ಟೇ ಬಿಚ್ಚಿಟ್ಟ ಪೆಟ್ಟಿಗೆಯ ಹಿಂದೆ, ನೀಲಿ ದೀಪವೊಂದು ಟಿಂಗ್ ಎಂದು ಹತ್ತಿಕೊಂಡಿತು.

“ಹೇಳಿ ಹೇಳಿ, ಕೇಳ್ತಾ ಇದ್ದೀನಿ! ‘ಅಪ್ಪಾ’. ಅಪ್ಪಂದಿರ ಬಗ್ಗೆ ಲೆಕ್ಕವಿಲ್ಲದಷ್ಟು ಪುಸ್ತಕಗಳಿವೆ. ಮೊದಲಿನಿಂದ ಓದಲೇ?”